ನೋಟೊ ಪರ್ಯಾಯ ದ್ವೀಪ: ತಲೆ ಎಣಿಸಿ ನಾಡು ಕಟ್ಟಬಹುದೇ?

2024ರ ಏಪ್ರಿಲ್‌ನಲ್ಲಿ ಜಪಾನಿನ ಹಣಕಾಸು ಸಚಿವಾಲಯದ ಸಲಹಾ ಮಂಡಳಿಯ ಮುಂದೆ ನೋಟೊ ಪರ್ಯಾಯ ದ್ವೀಪದ ವಿಷಯ ಬಂತು. ಅಲ್ಲಿ ಭೂಮಿ ಕಂಪಿಸಿ ಆಗಿನ್ನೂ ಮೂರು ತಿಂಗಳು ಕಳೆದಿತ್ತು. ಜನ ಶಾಲೆಯ ಜಿಮ್ನಾಸಿಯಂಗಳಲ್ಲಿ ಮಲಗುತ್ತಿದ್ದರು, ಎಷ್ಟೋ ಊರುಗಳ ನಲ್ಲಿಗಳಲ್ಲಿ ನೀರಿರಲಿಲ್ಲ. ಮಂಡಳಿ ಹೇಳಿದ್ದು ಇಷ್ಟು: ಜನಸಂಖ್ಯೆ ಇಳಿಯುತ್ತಿರುವ ಪ್ರದೇಶದಲ್ಲಿ ರಸ್ತೆ, ನೀರು, ಮನೆಗಳನ್ನು ಮತ್ತೆ ಕಟ್ಟುವಾಗ ಮುಂದಿನ ದಶಕಗಳ ನಿರ್ವಹಣಾ ವೆಚ್ಚವನ್ನೂ ಗಮನಿಸಬೇಕು, ಚದುರಿದ ಊರುಗಳನ್ನು ಒಟ್ಟುಗೂಡಿಸುವ ದಾರಿಯನ್ನೂ ಯೋಚಿಸಬೇಕು. ಇಶಿಕಾವಾ ಪ್ರಾಂತ್ಯದ ಗವರ್ನರ್ ಹಸೆ ಹಿರೋಶಿ ಇದಕ್ಕೆ ಬಹಿರಂಗವಾಗಿಯೇ ಅಸಮಾಧಾನ ತೋರಿದರು. ಆದರೆ ಮಂಡಳಿ ಮಾತಿನಲ್ಲಿಟ್ಟ ಪ್ರಶ್ನೆ ಜಪಾನಿನ ಅನೇಕರ ಮನಸ್ಸಿನಲ್ಲಿ ಜನವರಿಯಿಂದಲೇ ಇತ್ತು. ಅರ್ಧದಷ್ಟು ಜನ ಅರವತ್ತೈದು ದಾಟಿರುವ, ಮಕ್ಕಳೇ ಅಪರೂಪವಾಗಿರುವ ಒಂದು ತುತ್ತತುದಿಯ ನಾಡಿಗೆ ಇಷ್ಟೊಂದು ಹಣ ಏಕೆ?

ನಿಷ್ಠುರವಾಗಿ ಕೇಳಿದರೂ ಇದು ಕೇಳಬಾರದ ಪ್ರಶ್ನೆಯಲ್ಲ. ತೆರಿಗೆಯ ಹಣ ಖರ್ಚಾಗುವಾಗ ಲೆಕ್ಕ ಬೇಕೇ ಬೇಕು. ನನ್ನ ತಕರಾರು ಲೆಕ್ಕ ಹಾಕುವ ರೀತಿಯ ಬಗ್ಗೆ. ತಲೆ ಎಣಿಸಿ ಹಾಕುವ ಲೆಕ್ಕದಲ್ಲಿ ನೋಟೊದ ನಿಜವಾದ ಆಸ್ತಿ ಯಾವ ಕಾಲಂನಲ್ಲೂ ಕೂರುವುದಿಲ್ಲ. ಏಕೆ ಎಂದು ತಿಳಿಯಲು ಆ ನಾಡನ್ನು ಒಮ್ಮೆ ಸುತ್ತಿ ಬರಬೇಕು.

ಜಪಾನಿನ ಮುಖ್ಯ ದ್ವೀಪ ಹೊನ್ಶೂವಿನ ನಡುಭಾಗದಿಂದ ಜಪಾನ್ ಸಮುದ್ರದೊಳಕ್ಕೆ ಉತ್ತರಕ್ಕೆ ಚಾಚಿ, ತುದಿಯಲ್ಲಿ ಪೂರ್ವಕ್ಕೆ ಬಾಗಿದ ಸುಮಾರು ನೂರು ಕಿಲೋಮೀಟರ್ ಉದ್ದದ ನೆಲ ನೋಟೊ. ಕನಜಾವಾ ನಗರದಿಂದ ಹೊರಟರೆ ಮೊದಲು ಸಿಗುವುದು ಚಿರಿಹಾಮಾ. ಎಂಟು ಕಿಲೋಮೀಟರ್ ಉದ್ದದ ಈ ಕಡಲತೀರದ ಮರಳು ಎಷ್ಟು ನುಣುಪು ಮತ್ತು ಬಿಗಿ ಎಂದರೆ ಅಲೆಗಳ ಪಕ್ಕದಲ್ಲೇ ಕಾರು, ಬಸ್ಸು ಓಡುತ್ತವೆ. ಕೊರೆತದಿಂದ ತೀರ ವರ್ಷವರ್ಷಕ್ಕೆ ಕಿರಿದಾಗುತ್ತಿದೆ. ಮೇಲಕ್ಕೆ ಹೋದಂತೆ ಮರಳು ಮುಗಿದು ಬಂಡೆ ಶುರುವಾಗುತ್ತದೆ. ಪಶ್ಚಿಮ ಮತ್ತು ಉತ್ತರದ ಹೊರ ಕರಾವಳಿಗೆ ಚಳಿಗಾಲದಲ್ಲಿ ಸೈಬೀರಿಯಾ ಕಡೆಯ ಗಾಳಿ ನೇರವಾಗಿ ಬಡಿಯುತ್ತದೆ. ಅಲ್ಲಿನ ಕೆಲವು ಹಳ್ಳಿಗಳು ಎತ್ತರದ ಬಿದಿರಿನ ಬೇಲಿಯನ್ನು ಊರಿಗೆ ಊರೇ ಸುತ್ತಿಕೊಂಡು ನಿಂತಿವೆ. ಪೂರ್ವದ ಒಳ ಕರಾವಳಿ ಶಾಂತ ಕೊಲ್ಲಿಗಳದು. ನಡುವೆ ಇರುವ ಬೆಟ್ಟಗಳಲ್ಲಿ ಐನೂರು ಮೀಟರ್ ಮುಟ್ಟುವಂಥವೇ ಕಡಿಮೆ. ಆದರೂ ಅವು ಕಡಲಿಗೆ ಎಷ್ಟು ಹತ್ತಿರಕ್ಕೆ ಇಳಿದಿವೆ ಎಂದರೆ ಹೊರ ಕರಾವಳಿಯಲ್ಲಿ ಗದ್ದೆಗೂ ಮನೆಗೂ ರಸ್ತೆಗೂ ಸಿಕ್ಕಿರುವುದು ಒಂದು ಸಣ್ಣ ಪಟ್ಟಿ ಮಾತ್ರ.

ಇಂದು ಇದನ್ನು ದೂರದ ಮೂಲೆ ಎನ್ನುತ್ತಾರೆ. ಈ ದೂರ ಪ್ರಕೃತಿ ಕೊಟ್ಟದ್ದಲ್ಲ ಎಂಬುದನ್ನು ನಾವು ಗಮನಿಸಬೇಕು. ಕಡಲೇ ಹೆದ್ದಾರಿಯಾಗಿದ್ದ ಕಾಲದಲ್ಲಿ ನೋಟೊ ದಾರಿಯ ನಡುವೆ ಇತ್ತು. ಒಸಾಕಾದಿಂದ ಹೊರಟು ಜಪಾನ್ ಸಮುದ್ರದ ಗುಂಟ ಹೊಕ್ಕೈಡೊದವರೆಗೆ ಹೋಗುತ್ತಿದ್ದ ಕಿತಾಮಾಎಬುನೆ ಎಂಬ ವ್ಯಾಪಾರಿ ಹಡಗುಗಳು ಇಲ್ಲಿನ ಬಂದರುಗಳಲ್ಲಿ ತಂಗುತ್ತಿದ್ದವು. ಕುರೊಶಿಮಾದಂಥ ಊರುಗಳಲ್ಲಿ ಹಡಗುಗಳ ಒಡೆಯರ ಮನೆಗಳ ಸಾಲೇ ಇತ್ತು. ತೊಕಿಕುನಿ ಎಂಬ ಹಳೆಯ ಮನೆತನವನ್ನು ಬಹುಕಾಲ ದೊಡ್ಡ ಜಮೀನ್ದಾರರೆಂದಷ್ಟೇ ಎಣಿಸಲಾಗಿತ್ತು. ಅವರ ಮನೆಯ ಕಾಗದಪತ್ರಗಳನ್ನು ಓದಿದ ಇತಿಹಾಸಕಾರರಿಗೆ ಅವರು ಹಡಗು ನಡೆಸಿದ್ದು, ಉಪ್ಪು ತಯಾರಿಸಿದ್ದು, ದೂರದೂರಿಗೆ ಸರಕು ಸಾಗಿಸಿದ್ದು ಕಾಣಿಸಿತು. 1321ರಲ್ಲಿ ನೋಟೊದ ಮೊನ್‌ಜೆನ್‌ನಲ್ಲಿ ಸ್ಥಾಪನೆಯಾದ ಸೊಜಿಜಿ ಮಠ, ಬೌದ್ಧರ ಸೊತೊ ಝೆನ್ ಪಂಥದ ಎರಡು ಪ್ರಧಾನ ಪೀಠಗಳಲ್ಲಿ ಒಂದಾಗಿ ಶತಮಾನಗಳ ಕಾಲ ದೇಶದ ಮೂಲೆಮೂಲೆಯ ಭಿಕ್ಷುಗಳನ್ನು ಬರಮಾಡಿಕೊಂಡಿತು. 1898ರಲ್ಲಿ ಬೆಂಕಿಗೆ ಸಿಕ್ಕ ಮೇಲೆ, 1911ರಲ್ಲಿ ಪೀಠ ಯೊಕೊಹಾಮಾಕ್ಕೆ ಹೋಯಿತು. ಹಳೆಯ ಜಾಗ ಶಾಖೆಯಾಗಿ ಉಳಿಯಿತು. ವ್ಯಾಪಾರ ಹಡಗಿನಿಂದ ರೈಲಿಗೆ ಜಿಗಿದಾಗ ನೋಟೊ ಅಂಚಿಗೆ ಸರಿಯಿತು. ಮುಂದೆ ರೈಲೂ ಹೋಯಿತು. ನೋಟೊದ ನಡುವಿನ ಅನಾಮಿಜುವಿನಿಂದ ಉತ್ತರ ಕರಾವಳಿಯ ವಾಜಿಮಾ ಪಟ್ಟಣಕ್ಕೆ ಹೋಗುವ ಮಾರ್ಗ 2001ರಲ್ಲೂ, ತುದಿಯ ಸುಜು ಕಡೆಗೆ ಹೋಗುವ ಮಾರ್ಗ 2005ರಲ್ಲೂ ಮುಚ್ಚಿದವು. ಪ್ರಯಾಣಿಕರು ಸಾಲದು ಎಂದು ರೈಲು ನಿಲ್ಲಿಸುವುದು, ರೈಲಿಲ್ಲದ್ದರಿಂದ ಇನ್ನಷ್ಟು ಜನ ಹೊರಟುಹೋಗುವುದು, ಕೊನೆಗೆ ಜನರೇ ಇಲ್ಲದ ಜಾಗಕ್ಕೆ ಖರ್ಚು ಏಕೆ ಎಂದು ಕೇಳುವುದು: ಈ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಯಾವುದೋ ಕಚೇರಿಯಲ್ಲಿ ಕುಳಿತವರು ತೀರ್ಮಾನಿಸಿದ್ದಾರೆ.

2024ರ ಜನವರಿ 1, ಸಂಜೆ 4 ಗಂಟೆ 10 ನಿಮಿಷ. ಹೊಸವರ್ಷಕ್ಕೆಂದು ನಗರಗಳಿಂದ ಮಕ್ಕಳು, ಮೊಮ್ಮಕ್ಕಳು ಊರಿಗೆ ಬಂದಿದ್ದ ದಿನ. ಜಪಾನಿನ ಹವಾಮಾನ ಸಂಸ್ಥೆ ಅಳೆದ ತೀವ್ರತೆ 7.6. ಎಚ್ಚರಿಕೆ ಇರಲಿಲ್ಲ ಎನ್ನುವಂತಿಲ್ಲ. 2020ರ ಕೊನೆಯಿಂದಲೂ ಪರ್ಯಾಯ ದ್ವೀಪದ ತುದಿಯಲ್ಲಿ ನೂರಾರು ಸಣ್ಣ ಕಂಪನಗಳಾಗುತ್ತಿದ್ದವು. ಭೂಮಿಯ ಆಳದಿಂದ ಮೇಲೇರುವ ದ್ರವ ಇದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ಹೇಳುತ್ತಿದ್ದರು. 2023ರ ಮೇ 5ರಂದು 6.5 ತೀವ್ರತೆಯ ಭೂಕಂಪ ಸುಜುವನ್ನು ಅಲುಗಿಸಿತ್ತು. ಅಲ್ಲಿ ಬಿರುಕುಬಿಟ್ಟ ಮನೆಗಳ ರಿಪೇರಿ ಮುಗಿಯುವ ಮೊದಲೇ ದೊಡ್ಡದು ಬಂದಿತು. ಕರಾವಳಿಗೆ ಸಮಾನಾಂತರವಾಗಿ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಸ್ತರಭಂಗ, ಅಂದರೆ ನೆಲದಾಳದ ಬಿರುಕು, ಜಾರಿ ನೆಲದ ಒಂದು ಪಕ್ಕ ಇನ್ನೊಂದರ ಮೇಲೇರಿತು. ಹಿಮ ಹೊರಲೆಂದು, ಗಾಳಿಗೆ ಹಾರದಿರಲೆಂದು ಭಾರವಾದ ಕಪ್ಪು ಹೊಳಪಿನ ಹೆಂಚು ಹೊದಿಸಿದ್ದ ಹಳೆಯ ಮರದ ಮನೆಗಳು ಮಾಡಿನ ಸಮೇತ ಕುಸಿದವು. ಪೂರ್ತಿ ನಾಶವಾದ ಮನೆಗಳೇ ಸುಮಾರು ಆರು ಸಾವಿರ. ವಾಜಿಮಾದ ಸಾವಿರ ವರ್ಷ ಹಳೆಯದೆನ್ನುವ ಬೆಳಗಿನ ಸಂತೆಯ ಬೀದಿಯಲ್ಲಿ ಬೆಂಕಿ ಹೊತ್ತಿ ಸುಮಾರು 240 ಕಟ್ಟಡಗಳು ಬೂದಿಯಾದವು. ನೀರಿನ ಕೊಳವೆಗಳು ಒಡೆದಿದ್ದವು, ಸುನಾಮಿ ಎಚ್ಚರಿಕೆಯಿಂದ ಕಡಲ ನೀರಿನ ಹತ್ತಿರವೂ ಹೋಗುವಂತಿರಲಿಲ್ಲ.

ಇನ್ನೊಂದು ವಿಚಿತ್ರ ಹೊರ ಕರಾವಳಿಯಲ್ಲಿ ನಡೆಯಿತು. ನೆಲ ಮೇಲೆದ್ದು ಕಡಲು ಹಿಂದೆ ಸರಿಯಿತು. ವಾಜಿಮಾದ ಪಶ್ಚಿಮ ಭಾಗದಲ್ಲಿ ಎತ್ತರ ಸುಮಾರು 4 ಮೀಟರ್ ಹೆಚ್ಚಿತು. ಕೆಲವೆಡೆ ತೀರರೇಖೆ 200 ಮೀಟರ್ ಆಚೆಗೆ ಹೋಯಿತು. ಮೀನುಗಾರಿಕಾ ಬಂದರುಗಳ ತಳ ಒಣಗಿ ಕಾಣಿಸಿತು, ದೋಣಿಗಳು ನಿಂತಲ್ಲೇ ನೆಲಕ್ಕೆ ಕೂತವು. ಪಾಚಿ, ಚಿಪ್ಪು ಮೆತ್ತಿದ್ದ ಬಂಡೆಗಳು ಕೆಲವೇ ವಾರಗಳಲ್ಲಿ ಬಿಳಿಚಿಕೊಂಡವು. ಹಿಂದೆಯೂ ಹೀಗಾಗಿದೆ. ಈ ಕರಾವಳಿಯಲ್ಲಿ ಮೆಟ್ಟಿಲುಗಳಂತೆ ಕಾಣುವ ಸಮತಟ್ಟಾದ ಪಟ್ಟಿಗಳೆಲ್ಲ ಒಂದು ಕಾಲದಲ್ಲಿ ಕಡಲ ತಳವಾಗಿದ್ದು, ಇಂಥದೇ ಭೂಕಂಪಗಳಲ್ಲಿ ಮೇಲೆ ಬಂದವು. ಜನ ಮನೆ ಕಟ್ಟಿ ಗದ್ದೆ ಮಾಡಿರುವ ನೆಲವನ್ನು ಭೂಕಂಪವೇ ಕೊಟ್ಟಿದೆ.

ಪರ್ಯಾಯ ದ್ವೀಪದ ನಿಜವಾದ ಅಪಾಯ ಮೊದಲ ವಾರದಲ್ಲಿ ಎಲ್ಲರಿಗೂ ಅರ್ಥವಾಯಿತು. ಮೂರು ಕಡೆ ನೀರು. ನೆರವು ಬರಬೇಕಾದದ್ದು ಒಂದೇ ಕಡೆಯಿಂದ. ಬೆನ್ನೆಲುಬಿನಂತಿದ್ದ ನೋಟೊ ಸತೊಯಾಮಾ ಹೆದ್ದಾರಿ ಹತ್ತಾರು ಕಡೆ ಕುಸಿಯಿತು. ಕರಾವಳಿ ಸುತ್ತುವ 249ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಬೆಟ್ಟ ಜಾರಿತು. 2003ರಲ್ಲಿ ತೆರೆದಿದ್ದ ವಿಮಾನ ನಿಲ್ದಾಣದ ರನ್‌ವೇ ಬಿರಿಯಿತು. ಬಂದರುಗಳಲ್ಲಿ ಹಡಗು ನಿಲ್ಲಿಸಲಾಗಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಜನ ಹೊರಜಗತ್ತಿನ ಸಂಪರ್ಕವಿಲ್ಲದ ಹಳ್ಳಿಗಳಲ್ಲಿ ಸಿಕ್ಕಿಬಿದ್ದರು. ಅಂದು ನೇರವಾಗಿ ಸತ್ತವರು ಇನ್ನೂರಕ್ಕೂ ಹೆಚ್ಚು. ಆಮೇಲೆ ಚಳಿ, ನೀರಿಲ್ಲದ ಶಿಬಿರ, ನಿಂತುಹೋದ ಚಿಕಿತ್ಸೆ, ಊರೂರು ಸಾಗಿಸಿದ ಆಯಾಸದಿಂದ ತೀರಿಕೊಂಡ ವೃದ್ಧರ ಸಂಖ್ಯೆ ಕಾಲಕ್ರಮದಲ್ಲಿ ಅದನ್ನೂ ಮೀರಿತು. ನೋಟೊದ ದುರಂತದಲ್ಲಿ ನನ್ನನ್ನು ಅತ್ಯಂತ ಕಾಡುವ ಸಂಗತಿ ಇದು. ಭೂಕಂಪವನ್ನು ತಡೆಯಲಾಗದು, ಈ ಎರಡನೆಯ ಸಾವುಗಳಲ್ಲಿ ಬಹಳಷ್ಟನ್ನು ತಡೆಯಬಹುದಿತ್ತು.

ಇಲ್ಲೇ ಇನ್ನೊಂದು ಮಾತು. ಸುಜುವಿನಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯೊಂದಿತ್ತು. ಸ್ಥಳೀಯರ ದೀರ್ಘ ವಿರೋಧದ ನಡುವೆ ಅದನ್ನು 2003ರಲ್ಲಿ ಕೈಬಿಡಲಾಯಿತು. ಅದು ಕಟ್ಟಿ ಮುಗಿದಿದ್ದರೆ, ಈ ಭೂಕಂಪದ ದಿನ ಸುತ್ತಲಿನ ಜನ ತಪ್ಪಿಸಿಕೊಳ್ಳಬೇಕಾಗಿದ್ದ ರಸ್ತೆಗಳು ಅದೇ ಕುಸಿದ ರಸ್ತೆಗಳು. ಪರ್ಯಾಯ ದ್ವೀಪದ ಬುಡದ ಕಡೆ ಇರುವ ಶಿಕಾ ಸ್ಥಾವರ 2011ರಿಂದ ನಿಂತಿತ್ತು. ಅಲ್ಲಿ ಟ್ರಾನ್ಸ್‌ಫಾರ್ಮರ್‌ಗಳು ಹಾಳಾಗಿ ಎಣ್ಣೆ ಸೋರಿತು. ಅಭಿವೃದ್ಧಿ ಬೇಡವೆಂದ ಹಿಂದುಳಿದವರು ಎಂದು ಕರೆಸಿಕೊಂಡ ಮೀನುಗಾರರು, ರೈತರು ತಮ್ಮ ನೆಲವನ್ನು ಯಾರಿಗಿಂತಲೂ ಚೆನ್ನಾಗಿ ಅರಿತಿದ್ದರು.

ಈಗ ಲೆಕ್ಕಕ್ಕೆ ಬರೋಣ. ವಾಜಿಮಾದ ಉರುಶಿ ಕೆಲಸವನ್ನು, ಅಂದರೆ ಉರುಶಿ ಮರದ ರಸದ ಪದರ ಹಚ್ಚಿ ಮರದ ಪಾತ್ರೆ ಮಾಡುವ ಕಸುಬನ್ನು, ಜಗತ್ತು ಬಲ್ಲದು. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಕಿಶಿದಾ ವಾಷಿಂಗ್ಟನ್‌ಗೆ ಹೋದಾಗ ಅಧ್ಯಕ್ಷ ಬೈಡನ್ ದಂಪತಿಗೆ ಕೊಟ್ಟದ್ದು ವಾಜಿಮಾದ ಕಾಫಿ ಕಪ್ಪುಗಳನ್ನು. ಅಂಥದೊಂದು ಬಟ್ಟಲು ಮುಗಿಯಲು ನೂರಕ್ಕೂ ಹೆಚ್ಚು ಹಂತಗಳು ಬೇಕು, ಮತ್ತು ಅವೆಲ್ಲ ಒಬ್ಬರ ಕೈಯಲ್ಲಿ ನಡೆಯುವುದಿಲ್ಲ. ಮರ ಕಡೆದು ಬಟ್ಟಲು ಮಾಡುವವರು ಬೇರೆ, ಹಲಗೆ ಜೋಡಿಸಿ ಪೆಟ್ಟಿಗೆ ಮಾಡುವವರು ಬೇರೆ. ಅಂಚು, ಬುಡದಂಥ ನಾಜೂಕು ಜಾಗಗಳಿಗೆ ಬಟ್ಟೆ ಅಂಟಿಸಿ, ಊರಿನ ಗುಡ್ಡದ ಮಣ್ಣನ್ನು ಸುಟ್ಟು ಪುಡಿ ಮಾಡಿ ಉರುಶಿ ಮರದ ರಸದೊಂದಿಗೆ ಬೆರೆಸಿ ಪದರ ಪದರವಾಗಿ ಬಳಿಯುವವರು ಇನ್ನೊಬ್ಬರು. ಉಜ್ಜಿ ನಯ ಮಾಡುವವರು, ಧೂಳಿಲ್ಲದ ಕೋಣೆಯಲ್ಲಿ ಕೊನೆಯ ಪದರ ಹಚ್ಚುವವರು, ಚಿನ್ನದ ಪುಡಿಯಿಂದ ಚಿತ್ರ ಬಿಡಿಸುವವರು, ಗೆರೆ ಕೊರೆದು ಚಿನ್ನ ತುಂಬುವವರು ಎಲ್ಲರೂ ಬೇರೆ ಬೇರೆ. ಇವರನ್ನೆಲ್ಲ ಜೋಡಿಸಿ, ದೇಶ ತಿರುಗಿ ಗಿರಾಕಿ ಹುಡುಕುವ ಮನೆತನಗಳು ಮತ್ತೆ ಬೇರೆ. ಉರುಶಿ ರಸ ಗಟ್ಟಿಯಾಗಲು ತೇವ ಬೇಕು. ವಾಜಿಮಾದ ಗಾಳಿಯಲ್ಲಿ ಅದು ಹೇರಳವಾಗಿದೆ.

ಈ ವ್ಯವಸ್ಥೆಯಲ್ಲಿ ಕೊನೆಯ ಪದರ ಹಚ್ಚುವ ಐವತ್ತು ಕಲಾವಿದರು ಉಳಿದು, ಮರ ಕಡೆಯುವ ನಾಲ್ವರು ಮುದುಕರು ಮಗಳ ಮನೆಯಿರುವ ನಗರಕ್ಕೆ ಹೋದರೆಂದು ಇಟ್ಟುಕೊಳ್ಳಿ. ತಲೆಲೆಕ್ಕದಲ್ಲಿ ಹೋದವರು ನಾಲ್ಕು ಜನ. ಕೆಲಸದ ಲೆಕ್ಕದಲ್ಲಿ ಹೋದದ್ದು ಇಡೀ ಊರಿನ ಕಸುಬು. ಪ್ರಾಂತ್ಯ ಮತ್ತು ಕೇಂದ್ರ ಸರ್ಕಾರಗಳು ಇದನ್ನು ಸ್ವಲ್ಪಮಟ್ಟಿಗೆ ಗ್ರಹಿಸಿದವು ಎಂಬುದು ಸಮಾಧಾನದ ಸಂಗತಿ: 2024ರಲ್ಲೇ ವಾಜಿಮಾದಲ್ಲಿ ತಾತ್ಕಾಲಿಕ ಮನೆಗಳ ಜೊತೆಗೆ ತಾತ್ಕಾಲಿಕ ಕಾರ್ಯಾಗಾರಗಳನ್ನೂ ಕಟ್ಟಿಕೊಟ್ಟರು. ಚಿಕ್ಕ ಕೋಣೆಗಳವು, ಆದರೆ ಕುಶಲಕರ್ಮಿ ಊರು ಬಿಡಬೇಕೋ ಬೇಡವೋ ಎಂದು ಯೋಚಿಸುವ ಹೊತ್ತಿಗೆ ಕೈಗೆ ಕೆಲಸ ಸಿಕ್ಕಿತು.

ಗದ್ದೆಯ ಕಥೆಯೂ ಇದೇ. ಶಿರೊಯೊನೆ ಸೆನ್‌ಮೈದಾದಲ್ಲಿ ಬೆಟ್ಟದ ಮಗ್ಗುಲಿನಿಂದ ಕಡಲಂಚಿನವರೆಗೆ 1,004 ಗದ್ದೆಗಳು ಕೇವಲ ನಾಲ್ಕು ಹೆಕ್ಟೇರಿನಲ್ಲಿ ಇಳಿದುಬರುತ್ತವೆ. ಯಂತ್ರ ಇಳಿಯುವಂತಿಲ್ಲ, ನೆಟ್ಟಿ, ಕೊಯಿಲು ಎಲ್ಲ ಕೈಯಿಂದ. 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೋಟೊದ ಬೆಟ್ಟ-ಕಡಲುಗಳ ಬದುಕನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಸಾಡೊ ದ್ವೀಪದ ಜೊತೆಗೆ ಜಪಾನಿಗೆ ಸಿಕ್ಕ ಮೊದಲ ಗೌರವ ಅದು. ಭೂಕಂಪದಲ್ಲಿ ಗದ್ದೆಗಳು ಬಿರಿದವು, ನೀರು ನಿಲ್ಲಲಿಲ್ಲ. 2024ರ ಮೇ ತಿಂಗಳಲ್ಲಿ ಊರವರು ರಿಪೇರಿ ಮಾಡಿ ನೆಡಲು ಸಾಧ್ಯವಾದದ್ದು ಸುಮಾರು 120 ಗದ್ದೆಗಳನ್ನು. ಬದು ಕಟ್ಟುವವರೆಲ್ಲ ಆಗ ಊರಿನಲ್ಲಿ ಇರಲಿಲ್ಲ.

ಸುಜು ಕರಾವಳಿಯಲ್ಲಿ ಇನ್ನೂ ಉಳಿದಿರುವ ಉಪ್ಪಿನ ಕೆಲಸ ಅಗೆಹಾಮಾ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಅಗರಕ್ಕೆ ಕಡಲ ನೀರು ಹರಿಸಿ ಬಿಸಿಲಿಗೆ ಬಿಟ್ಟರೆ ಉಪ್ಪು ಕಟ್ಟುತ್ತದೆ. ನೋಟೊದಲ್ಲಿ ಆ ಬಿಸಿಲಿಲ್ಲ. ಅಲ್ಲಿ ಕಡಲ ನೀರನ್ನು ಹೆಗಲ ಮೇಲೆ ಹೊತ್ತು ತಂದು ಹಾಸಿದ ಮರಳಿನ ಮೇಲೆ ಮಳೆಹನಿಯಂತೆ ಎರಚುತ್ತಾರೆ, ಒಣಗಿದ ಮರಳನ್ನು ಗುಡ್ಡೆ ಮಾಡಿ ಮತ್ತೆ ನೀರು ಹಾಯಿಸಿ ಗಟ್ಟಿ ಉಪ್ಪುನೀರು ಇಳಿಸುತ್ತಾರೆ, ಅದನ್ನು ಕಟ್ಟಿಗೆಯ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸುತ್ತಾರೆ. ನೆಲ ಮೇಲೆದ್ದು ಕಡಲು ದೂರ ಸರಿದಾಗ ಈ ಕೆಲಸದ ಮೊದಲ ಹೆಜ್ಜೆಗೇ ಪೆಟ್ಟು ಬಿತ್ತು. ವಾಜಿಮಾದ ಬಂದರಿನಲ್ಲೂ ಹೂಳೆತ್ತಿ ಆಳ ಮಾಡುವವರೆಗೆ ದೋಣಿಗಳು ಹೊರಡಲಾಗಲಿಲ್ಲ. ಉಸಿರು ಬಿಗಿಹಿಡಿದು ಮುಳುಗಿ ಅಬಲೋನಿ ಎಂಬ ಚಿಪ್ಪುಜೀವಿ, ಕಡಲಪಾಚಿ ತೆಗೆಯುವ ಅಮಾ ಹೆಂಗಸರು ತಮ್ಮ ಗುರುತಿನ ಬಂಡೆಗಳು ಕಡಲ ಹೊರಗೆ ನಿಂತದ್ದನ್ನು ಕಂಡರು. ಇವರ ಅರಿವು ಯಾವ ಬಂಡೆಯ ಸಂದಿಯಲ್ಲಿ ಏನು ಸಿಗುತ್ತದೆ ಎಂಬುದು. ಬೇರೊಂದು ಕರಾವಳಿಗೆ ಹೋಗಿ ವಸತಿ ಸಮುಚ್ಚಯದಲ್ಲಿ ಕೂತರೆ ಅದು ಯಾರಿಗೂ ಉಪಯೋಗವಿಲ್ಲ.

ಭೂಕಂಪವಾದ ಒಂಬತ್ತನೆಯ ತಿಂಗಳಿಗೆ ಮಳೆ ಬಂತು. ಸೆಪ್ಟೆಂಬರ್ 21ರಂದು ವಾಜಿಮಾದಲ್ಲಿ ಒಂದೇ ಗಂಟೆಗೆ 121 ಮಿಲಿಮೀಟರ್. ಅಲುಗಿ ಸಡಿಲವಾಗಿದ್ದ ಬೆಟ್ಟಗಳು ಜಾರಿದವು, ಮರದ ದಿಮ್ಮಿಗಳು ಹೊಳೆಗಳಿಗೆ ಅಡ್ಡ ನಿಂತು ಊರೊಳಗೆ ನೀರು ನುಗ್ಗಿತು. ಅಷ್ಟರಲ್ಲಿ ಕೆಲವರು ತಾತ್ಕಾಲಿಕ ಮನೆಗೆ ಬಂದು ನೆಮ್ಮದಿಯಿಂದ ಇದ್ದರು. ಅಂಥ ಕೆಲವು ಬಡಾವಣೆಗಳು ಪ್ರವಾಹದ ಅಪಾಯವಿದೆಯೆಂದು ನಕ್ಷೆಯಲ್ಲಿ ಮೊದಲೇ ಗುರುತಾಗಿದ್ದ ಜಾಗದಲ್ಲಿದ್ದವು. ಸಮತಟ್ಟಾದ ನೆಲ ಬೇರೆಲ್ಲಿದೆ ಎಂಬುದು ಅಧಿಕಾರಿಗಳ ಸಮರ್ಥನೆ. ಬೆಟ್ಟ ಕಡಲಿಗಿಳಿಯುವ ನಾಡಿನಲ್ಲಿ ಅದು ಸುಳ್ಳಲ್ಲ. ಆದರೂ ಒಂದೇ ವರ್ಷದಲ್ಲಿ ಎರಡು ಬಾರಿ ಮನೆ ಕಳೆದುಕೊಂಡವರ ಮುಂದೆ ಆ ಮಾತು ನಿಲ್ಲುವುದಿಲ್ಲ. ಇನ್ನು ಇಲ್ಲಿರಲಾರೆವು ಎಂದು ಅನೇಕರು ತೀರ್ಮಾನಿಸಿದ್ದು ಜನವರಿಯಲ್ಲಲ್ಲ, ಈ ಸೆಪ್ಟೆಂಬರಿನಲ್ಲಿ.

ಕುಸಿದ ಮನೆಗಳನ್ನು ತೆರವು ಮಾಡುವ ಕೆಲಸ ತಿಂಗಳುಗಟ್ಟಲೆ ತೆವಳಿದ್ದಕ್ಕೆ ಒಂದು ಕಾರಣ ನಮ್ಮ ಓದುಗರಿಗೆ ತಕ್ಷಣ ಅರ್ಥವಾಗುವಂಥದು. ಸರ್ಕಾರಿ ಖರ್ಚಿನಲ್ಲಿ ಕೆಡವಲು ಎಲ್ಲ ಹಕ್ಕುದಾರರ ಒಪ್ಪಿಗೆ ಬೇಕಿತ್ತು; ದಾಖಲೆಯಲ್ಲಿ ಮಾತ್ರ ಮನೆ ಇನ್ನೂ ತೀರಿಹೋದ ಅಜ್ಜ ಅಥವಾ ಮುತ್ತಜ್ಜನ ಹೆಸರಿನಲ್ಲಿತ್ತು. ಪೌತಿ ಖಾತೆ ಮಾಡಿಸದೆ ತಲೆಮಾರು ಕಳೆದ ಪಹಣಿಗಳನ್ನು ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಗೋಜಲು ಹೊಸದಲ್ಲ. ಕೊನೆಗೆ ನಿಯಮ ಸಡಿಲಿಸಿದರು. ಆಗ ಸಮಸ್ಯೆ ತಿರುಗಿ ಬಿತ್ತು: ತೆರವು ವೇಗ ಪಡೆದಂತೆ ರಿಪೇರಿ ಮಾಡಿ ಉಳಿಸಬಹುದಾಗಿದ್ದ ಮರದ ಮನೆಗಳೂ ಉಚಿತವಾಗಿ ಕೆಡವಿಸಿಕೊಳ್ಳುವ ಗಡುವಿಗೆ ಸಿಕ್ಕಿ ಹೋದವು. ಕೆಡವಲು ಸರ್ಕಾರ ಪೂರ್ತಿ ಹಣ ಕೊಡುತ್ತಿತ್ತು, ಉಳಿಸಲು ಒಂದು ಪಾಲು ಮಾತ್ರ. ಎಂಬತ್ತು ವರ್ಷದ ಒಂಟಿ ಮುದುಕಿ ಯಾವುದನ್ನು ಆರಿಸಿಯಾಳು?

ಊರುಗಳನ್ನು ಒಟ್ಟುಗೂಡಿಸಬೇಕು ಎನ್ನುವವರ ವಾದದಲ್ಲೂ ಸತ್ಯವಿದೆ. ಮತ್ತೆ ಜಾರಲಿರುವ ಬೆಟ್ಟದ ಬುಡದಲ್ಲಿ ಮೂರು ಮನೆಗಾಗಿ ಕೊಳವೆ ಎಳೆಯುವುದು ಆ ಮೂರು ಮನೆಯವರಿಗೂ ಒಳಿತಲ್ಲ. ಆದರೆ ಎಲ್ಲಿಗೆ, ಯಾರೊಂದಿಗೆ, ಯಾವಾಗ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಜಪಾನಿಗೆ ಇದರಲ್ಲಿ ಸ್ವಂತ ಅನುಭವವೇ ಇದೆ. 2004ರ ನಿಗಾತಾ ಭೂಕಂಪದಲ್ಲಿ ಯಮಕೊಶಿ ಎಂಬ ಬೆಟ್ಟದ ಹಳ್ಳಿಯ ಎರಡು ಸಾವಿರಕ್ಕೂ ಹೆಚ್ಚು ಜನ ಪೂರ್ತಿ ಊರು ಬಿಟ್ಟು ಹೊರಬರಬೇಕಾಯಿತು. ತಾತ್ಕಾಲಿಕ ಮನೆಗಳಲ್ಲಿ ಅವರನ್ನು ಕೇರಿ ಕೇರಿಯಾಗಿಯೇ ಇಟ್ಟರು, ನೆರೆಹೊರೆ ಒಡೆಯಲಿಲ್ಲ. ಮೂರು ವರ್ಷದ ನಂತರ ಹೆಚ್ಚಿನವರು ಮರಳಿ ತಮ್ಮ ಬಣ್ಣದ ಕೊಯಿ ಮೀನು, ಹೋರಿ ಕಾಳಗಗಳ ಬದುಕನ್ನು ಹಿಡಿದರು. ಜನಸಂಖ್ಯೆ ಆಮೇಲೂ ಇಳಿಯಿತು, ಸಾವಿರಕ್ಕಿಂತ ಕಡಿಮೆಯಾಯಿತು. ಹಾಗೆಂದು ಯಮಕೊಶಿ ಸೋತಿತೇ? ಕೊಯಿ ಸಾಕಣೆ ಅಲ್ಲಿ ಇಂದೂ ನಡೆಯುತ್ತಿದೆ, ಬದುಕಿದ್ದವರು ತಮ್ಮ ಊರಲ್ಲಿ ಬದುಕಿ ಮುಗಿಸಿದರು. ಊರು ಚಿಕ್ಕದಾಗುವುದು ಬೇರೆ, ಊರನ್ನು ಒಡೆಯುವುದು ಬೇರೆ.

ನೋಟೊದಲ್ಲಿ ಒಡೆಯುವ ಕೆಲಸ ಬೇಗ ಶುರುವಾಯಿತು. 2024ರ ಜನವರಿಯಲ್ಲೇ ವಾಜಿಮಾದ ಇನ್ನೂರಕ್ಕೂ ಹೆಚ್ಚು ಮಾಧ್ಯಮಿಕ ಶಾಲೆಯ ಮಕ್ಕಳನ್ನು ಓದು ಕೆಡದಿರಲೆಂದು ತಂದೆತಾಯಿಯರಿಂದ ಬೇರ್ಪಡಿಸಿ ದಕ್ಷಿಣದ ಹಕುಸಾನ್‌ಗೆ ಕಳುಹಿಸಿದರು. ಆ ಪರಿಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲವೇನೋ. ಆದರೆ ಹಿಂತಿರುಗಲು ಶಾಲೆ, ತಂದೆಗೆ ಕೆಲಸ, ಆಸ್ಪತ್ರೆ ಎಂಬ ಮೂರೂ ಒಟ್ಟಿಗೆ ಸಿದ್ಧವಾಗಬೇಕು. ಒಂದು ತಡವಾದರೂ ಕುಟುಂಬ ಕನಜಾವಾದಲ್ಲಿ ಬೇರೂರುತ್ತದೆ. ನನ್ನ ಪ್ರಕಾರ ಮರುನಿರ್ಮಾಣದ ಕ್ರಮ ತಿರುಗಬೇಕು. ಮೊದಲು ಕೆಲಸದ ಜಾಗ: ಬಂದರಿನ ಆಳ, ನೀರುಗಾಲುವೆ, ಕಾರ್ಯಾಗಾರ. ಅದರ ನಡಿಗೆಯ ದೂರದಲ್ಲಿ ಮನೆ. ಈ ಎರಡರ ನಕ್ಷೆ ಕೈಯಲ್ಲಿದ್ದಾಗ ಯಾವ ರಸ್ತೆ ಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಊರವರೇ ಹೇಳಬಲ್ಲರು. ಖರ್ಚು ಕಡಿಮೆಯಾಗುವುದೂ ಹಾಗೆಯೇ. ಒಳ್ಳೆಯ ಉದಾಹರಣೆ ಕಣ್ಣೆದುರಿಗೇ ಇದೆ: ಸೆನ್‌ಮೈದಾ ಬಳಿ ಬೆಟ್ಟ ಜಾರಿ ಮುಚ್ಚಿದ್ದ 249ನೇ ಹೆದ್ದಾರಿಗೆ ಬದಲಾಗಿ, ಭೂಕಂಪದಲ್ಲಿ ಮೇಲೆದ್ದ ಕಡಲ ತಳದ ಮೇಲೆಯೇ 2024ರ ಮೇ ತಿಂಗಳಲ್ಲಿ ತಾತ್ಕಾಲಿಕ ರಸ್ತೆ ತೆರೆದರು.

ಪ್ರವಾಸಿಗರ ಪಾತ್ರ ಇದರಲ್ಲಿ ಎಷ್ಟು? ಪ್ರವಾಸೋದ್ಯಮವೇ ನೋಟೊವನ್ನು ಎತ್ತುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. 2015ರಲ್ಲಿ ಬುಲೆಟ್ ರೈಲು ಕನಜಾವಾಕ್ಕೆ ಬಂದಾಗಲೂ ಜನ ಆ ನಗರವನ್ನು ತುಂಬಿದರು, ಪರ್ಯಾಯ ದ್ವೀಪದ ತುದಿಯ ಜನಸಂಖ್ಯೆ ಇಳಿಯುತ್ತಲೇ ಹೋಯಿತು. ಆದರೂ ಹೋಗುವವರು ಹೋಗಲಿ, ನೋಡಲಿ. ಜುಲೈನಿಂದ ಶರತ್ಕಾಲದವರೆಗೆ ಊರೂರಲ್ಲಿ ಕಿರಿಕೊ ಉತ್ಸವ ನಡೆಯುತ್ತದೆ. ಮನೆಯೆತ್ತರದ ದೀಪಗೂಡುಗಳನ್ನು ಹತ್ತಾರು ಜನ ಹೆಗಲ ಮೇಲೆ ಹೊರುತ್ತಾರೆ. ನಗರದಲ್ಲಿರುವ ಮಕ್ಕಳು ಹೊಸವರ್ಷಕ್ಕೆ ಬಾರದಿದ್ದರೂ ಇದಕ್ಕೆ ಬರುತ್ತಾರೆ. ಉಶಿತ್ಸು ಊರಿನವರು 2024ರ ಜುಲೈನಲ್ಲೂ ಬಿಡದೆ ಮಾಡಿದರು. ಸೊಜಿಜಿಯನ್ನೂ ನೋಡಬೇಕು. 2007ರ ಭೂಕಂಪದಲ್ಲಿ ಹಾಳಾದ ಅದರ ಜೀರ್ಣೋದ್ಧಾರ 2021ರಲ್ಲಷ್ಟೇ ಮುಗಿದಿತ್ತು. 2024ರಲ್ಲಿ ಮತ್ತೆ ಬಿದ್ದಿತು, ಬಡಗಿಗಳು ಮತ್ತೆ ಕೆಲಸ ಹಿಡಿದಿದ್ದಾರೆ. ಸುಟ್ಟ ಬೀದಿಯ ವ್ಯಾಪಾರಿಗಳು ಬೇರೆ ಊರುಗಳಿಗೆ ಹೋಗಿ ಸಂತೆ ನಡೆಸಿದರು, ಆಮೇಲೆ ವಾಜಿಮಾದಲ್ಲೇ ಬೇರೆ ಜಾಗ ಹುಡುಕಿಕೊಂಡರು. ಉಳಿಯುವ ಕೋಣೆಗಳು ಕಡಿಮೆ. ಕಟ್ಟಡ ಕೆಲಸಗಾರರಿಗೂ ಅವೇ ಬೇಕು. ಮೊದಲೇ ವಿಚಾರಿಸಿ ಹೋಗುವುದು, ಉಪ್ಪನ್ನೋ ಬಟ್ಟಲನ್ನೋ ಮಾಡಿದವರ ಕೈಯಿಂದಲೇ ಕೊಳ್ಳುವುದು ಹೊರಗಿನವರು ಮಾಡಬಹುದಾದ ನೆರವು.

ಜಪಾನಿನಲ್ಲಿ ಪರ್ಯಾಯ ದ್ವೀಪಗಳಿಗೆಂದೇ 1985ರ ಕಾಯ್ದೆಯೊಂದಿದೆ. 23 ಪ್ರದೇಶಗಳು ಅದರ ಅಡಿಯಲ್ಲಿ ಬರುತ್ತವೆ. 2025ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಿದಾಗ ವಿಪತ್ತು ತಡೆಯನ್ನೂ ಅದರ ಉದ್ದೇಶಕ್ಕೆ ಸೇರಿಸಿದರು, ನೋಟೊದ ಅನುಭವವೇ ಅದಕ್ಕೆ ಕಾರಣ. ಆ ಪಟ್ಟಿಯಲ್ಲಿ ಶಿಕೊಕು ದ್ವೀಪದ ಸದಾಮಿಸಾಕಿಯೂ ಇದೆ. ಕತ್ತಿಯಂತೆ ಕಿರಿದಾದ ಆ ನೆಲದ ಬುಡದ ಕಡೆ ಇಕಾತಾ ಅಣು ಸ್ಥಾವರವಿದೆ, ಅದರಾಚೆಗಿನ ತುದಿಯಲ್ಲಿ ಸಾವಿರಾರು ಜನರಿದ್ದಾರೆ. ರಸ್ತೆ ಕಡಿದರೆ ಅವರನ್ನು ಹಡಗಿನಲ್ಲಿ ಸಾಗಿಸುವುದು ಯೋಜನೆ. ನೋಟೊದ ಬಂದರುಗಳಲ್ಲಿ ನೀರೇ ಇಲ್ಲವಾದದ್ದನ್ನು ಕಂಡ ಮೇಲೆ ಆ ಯೋಜನೆಯನ್ನು ಯಾರಾದರೂ ಮೊದಲಿನಿಂದ ಓದಿ ನೋಡಬೇಕಾಗಿದೆ.